ಹಾಡು ಕಾಯಕವಾಗುವುದು ಎಂದು?



ನಮ್ಮ ಮನೆಗಳಿಗೆ ಹಾಡು ಹೊಸದಲ್ಲ. ತೊಟ್ಟಿಲು ಕಟ್ಟಿದ ದಿನದಿಂದ ಮಣ್ಣಿಗೆ ಕೊಡುವ ದಿನದವರೆಗೆ ನಮ್ಮಲ್ಲಿ ಹಾಡಿಲ್ಲದ ಕಾರ್ಯವೇ ಇಲ್ಲ. ಬೀಸುವ ಕಲ್ಲಿನ ಮುಂದೆ ಹಾಡಿದ ಅಜ್ಜಿಯರು, ಮಠದ ಅಂಗಳದಲ್ಲಿ ರಾತ್ರಿಯಿಡೀ ಭಜನೆ ಮಾಡಿದ ರೈತರು, ಸಂಜೆ ದೀಪ ಹಚ್ಚಿ ಮಕ್ಕಳಿಗೆ ವಚನ ಹೇಳಿಕೊಟ್ಟ ತಾಯಂದಿರು ಇವರೆಲ್ಲರೂ ಹಾಡಿದವರೇ. ಆದರೂ ಇವರಲ್ಲಿ ಯಾರನ್ನೂ ನಾವು ‘ಸಂಗೀತಗಾರರು’ ಎಂದು ಕರೆಯಲಿಲ್ಲ, ಅವರೂ ಹಾಗೆಂದುಕೊಳ್ಳಲಿಲ್ಲ. ಹಾಗಾದರೆ ಹಾಡುವವನು ಸಂಗೀತಗಾರನಾಗುವುದು ಎಲ್ಲಿ? ಹಾಡು ಒಬ್ಬನ ವೃತ್ತಿಯಾಗುವುದು, ನಮ್ಮ ಮಾತಿನಲ್ಲಿ ಹೇಳುವುದಾದರೆ ಕಾಯಕವಾಗುವುದು, ಎಂದು?

ಈ ಪ್ರಶ್ನೆ ನನ್ನದಲ್ಲ. ಕಳೆದ ತಿಂಗಳು ಪರಿಚಿತರೊಬ್ಬರು ಪತ್ನಿ ಹಾಗೂ ಮಗನೊಡನೆ ನಮ್ಮ ಮನೆಗೆ ಬಂದರು. ಊರಿನಲ್ಲಿ ಸಣ್ಣ ಕಿರಾಣಿ ಅಂಗಡಿ, ನಾಲ್ಕು ಎಕರೆ ಹೊಲ. ಮಗನಿಗೆ ಇಪ್ಪತ್ತೆರಡು ವರ್ಷ, ಬಿ.ಕಾಂ. ಮುಗಿಸಿದ್ದಾನೆ. ಹತ್ತನೆಯ ವರ್ಷದಿಂದ ಒಬ್ಬ ಗುರುಗಳಲ್ಲಿ ಹಿಂದೂಸ್ತಾನಿ ಗಾಯನ ಕಲಿತಿದ್ದಾನೆ. ಈಗ ಬ್ಯಾಂಕಿನ ಪರೀಕ್ಷೆಗೆ ಕೂಡುವುದಿಲ್ಲ, ಸಂಗೀತವನ್ನೇ ಹಿಡಿಯುತ್ತೇನೆ ಎನ್ನುತ್ತಿದ್ದಾನೆ.

“ಮಾಸ್ತರ್ರೇ, ಹುಡುಗ ಛಲೋ ಹಾಡತಾನ, ಅದಕ್ಕ ನಾ ಇಲ್ಲ ಅನ್ನೂದಿಲ್ಲ. ಆದರ ಛಲೋ ಹಾಡೂದು ಬೇರೆ, ಹಾಡಿ ಬದುಕೂದು ಬೇರೆ ಅಲ್ಲೇನ್ರೀ? ಇವ ಎರಡನೇದಕ್ಕ ಆಗತಾನೋ ಇಲ್ಲೋ, ಅದನ್ನ ಯಾರು ಹೇಳವ್ರು?” ಎಂದರು ತಂದೆ.

ತಾಯಿ ಚೀಲದಿಂದ ಒಂದು ಕಡತ ತೆಗೆದು ನನ್ನ ಮುಂದಿಟ್ಟರು. ಪರೀಕ್ಷೆಗಳ ಪ್ರಮಾಣಪತ್ರಗಳು, ಸ್ಪರ್ಧೆಗಳಲ್ಲಿ ಗಳಿಸಿದ ಪ್ರಶಸ್ತಿಪತ್ರಗಳು ಎಲ್ಲವೂ ಅದರಲ್ಲಿ ಒಪ್ಪವಾಗಿದ್ದವು. “ಇಷ್ಟು ಸಾಲೂದಿಲ್ಲೇನ್ರೀ ಅಣ್ಣಾರ?” ಎಂದು ಆ ತಾಯಿ ಕೇಳಿದರು.

ಆ ಪ್ರಶ್ನೆಗೆ ಅಂದು ನಾನು ಕೊಟ್ಟ ಉತ್ತರ ಅರೆಬರೆಯಾಗಿತ್ತು. ಅನಂತರ ಯೋಚಿಸಿದುದನ್ನು ಈ ತಿಂಗಳು ತಮ್ಮ ಮುಂದಿಡುತ್ತಿದ್ದೇನೆ. ಇಂತಹ ಮಗನೋ ಮಗಳೋ ಇರುವ ಮನೆಗಳು ನಮ್ಮಲ್ಲಿ ಇನ್ನೂ ಅನೇಕ ಇವೆ.

ಮೊದಲು ಪ್ರಮಾಣಪತ್ರದ ಮಾತು. ಜೂನಿಯರ್, ಸೀನಿಯರ್, ವಿದ್ವತ್ ಪರೀಕ್ಷೆಗಳಾಗಲಿ, ಗಂಧರ್ವ ಮಹಾವಿದ್ಯಾಲಯ ಮಂಡಲದ ವಿಶಾರದ, ಅಲಂಕಾರಗಳಾಗಲಿ ಅಲ್ಲಗಳೆಯತಕ್ಕವಲ್ಲ. ಕಲಿಕೆಗೆ ಅವು ಒಂದು ಕ್ರಮವನ್ನು ಕೊಡುತ್ತವೆ. ಶಾಲೆಯಲ್ಲಿ ಸಂಗೀತ ಶಿಕ್ಷಕನಾಗಬೇಕಾದವನಿಗೆ ಅವು ಬೇಕೇ ಬೇಕು. ಆಕಾಶವಾಣಿಯ ಧ್ವನಿಪರೀಕ್ಷೆಯೂ ಹಾಗೆಯೇ. ಧಾರವಾಡದಲ್ಲಿ 1950ರಲ್ಲಿ ಆಕಾಶವಾಣಿ ಕೇಂದ್ರ ಆರಂಭವಾದಂದಿನಿಂದ ನಮ್ಮ ಭಾಗದ ಎಷ್ಟೋ ಕಲಾವಿದರಿಗೆ ಅದು ಅನ್ನ ನೀಡಿದೆ. ಅಲ್ಲಿಯ ‘ಬಿ’, ‘ಬಿ ಹೈ’, ‘ಎ’, ‘ಟಾಪ್’ ಎಂಬ ಶ್ರೇಣಿಗಳಿಗೆ ಕಲಾವಿದರ ಬಳಗದಲ್ಲಿ ಇಂದಿಗೂ ಬೆಲೆಯಿದೆ. ಆದರೆ ಇವೆಲ್ಲ ಒಂದು ದಿನ, ಒಂದು ಗಂಟೆ, ಕೆಲವರ ಮುಂದೆ ಒಬ್ಬನು ತೋರಿದ ಸಾಮರ್ಥ್ಯಕ್ಕೆ ಸಿಕ್ಕ ಸಾಕ್ಷ್ಯ ಮಾತ್ರ. ಉಳಿದ ದಿನಗಳ ಸಾಕ್ಷ್ಯವನ್ನು ಆತನ ಬಾಳೇ ನುಡಿಯಬೇಕು.

ಮಲ್ಲಿಕಾರ್ಜುನ ಮನಸೂರರನ್ನು ನೆನೆಯೋಣ. ಧಾರವಾಡದ ಸಮೀಪದ ಮನಸೂರಿನಲ್ಲಿ 1910ರಲ್ಲಿ ಹುಟ್ಟಿದ ಅವರು ಬಾಲ್ಯದಲ್ಲೇ ನಾಟಕ ಕಂಪನಿ ಸೇರಿ ರಂಗದ ಮೇಲೆ ಹಾಡಿದವರು. ಅವರ ಹಾಡು ಕೇಳಿ ಮೆಚ್ಚಿದ ನೀಲಕಂಠಬುವಾ ಅವರು ಮಿರಜಿಗೆ ಕರೆದೊಯ್ದು ಕಲಿಸಿದರು. ಹೆಸರು ಬಂದಿತು, ಗ್ರಾಮಫೋನ್ ತಟ್ಟೆಗಳು ಬಂದವು. ಬೇರೆ ಯಾರಾದರೂ ಆಗಿದ್ದರೆ ಅಲ್ಲಿಗೆ ‘ಕಲಿತಾಯಿತು’ ಎನ್ನುತ್ತಿದ್ದರು. ಮನಸೂರರು ಮಾತ್ರ ಜಯಪುರ-ಅತ್ರೌಲಿ ಘರಾಣೆಯ ಅಲ್ಲಾದಿಯಾ ಖಾನರ ಪುತ್ರ ಮಂಜೀ ಖಾನರ ಮುಂದೆ ಮತ್ತೆ ಶಿಷ್ಯರಾಗಿ ಕುಳಿತರು. 1937ರಲ್ಲಿ ಮಂಜೀ ಖಾನರು ತೀರಿಕೊಂಡಾಗ ಅವರ ತಮ್ಮ ಭೂರ್ಜೀ ಖಾನರಲ್ಲಿ ಕಲಿಕೆಯನ್ನು ಮುಂದುವರಿಸಿದರು. ಜನ ತಲೆದೂಗಿದ ಮೇಲೂ ತನ್ನಲ್ಲಿ ಕೊರತೆಯಿದೆ ಎಂದು ಕಂಡುಕೊಳ್ಳುವುದು, ಕಂಡುಕೊಂಡು ಮತ್ತೆ ‘ಸಾ’ದಿಂದ ಆರಂಭಿಸುವುದು ಇದು ಹವ್ಯಾಸಿಗೆ ಅನಿವಾರ್ಯವಲ್ಲ, ವೃತ್ತಿನಿರತನಿಗೆ ಅನಿವಾರ್ಯ. 1992ರಲ್ಲಿ ಪದ್ಮವಿಭೂಷಣ ಗೌರವ ಪಡೆದು ಅದೇ ವರ್ಷ ಲಿಂಗೈಕ್ಯರಾದ ಆ ಮಹನೀಯರು ಕೊನೆಯವರೆಗೂ ಕಲಿಯುವವರಾಗಿಯೇ ಉಳಿದರು.

ಎರಡನೆಯದು ಹಣದ ಮಾತು. ‘ಹಾಡಿ ಹಣ ಪಡೆಯುವವನೇ ವೃತ್ತಿಗಾಯಕ’ ಎಂದು ಕೆಲವರು ಸುಲಭವಾಗಿ ಹೇಳಿಬಿಡುತ್ತಾರೆ. ‘ಹಣ ಪಡೆದರೆ ಅದು ಸೇವೆ ಹೇಗಾದೀತು’ ಎಂದು ಇನ್ನು ಕೆಲವರು ಮೂಗು ಮುರಿಯುತ್ತಾರೆ. ಈ ಎರಡೂ ಮಾತುಗಳಿಗೆ ಗದುಗಿನ ವೀರೇಶ್ವರ ಪುಣ್ಯಾಶ್ರಮ ಉತ್ತರ ಹೇಳುತ್ತದೆ.

ಹಾನಗಲ್ಲ ತಾಲೂಕಿನ ಕಾಡಶೆಟ್ಟಿಹಳ್ಳಿಯಲ್ಲಿ 1892ರಲ್ಲಿ ಹುಟ್ಟಿದ ಪಂಚಾಕ್ಷರ ಗವಾಯಿಗಳು ಹುಟ್ಟು ಕುರುಡರು. ಹಾನಗಲ್ಲ ಕುಮಾರ ಶಿವಯೋಗಿಗಳ ಕೃಪೆಯಿಂದ ಅವರಿಗೆ ಕರ್ನಾಟಕ ಮತ್ತು ಹಿಂದೂಸ್ತಾನಿ ಎರಡೂ ಪದ್ಧತಿಗಳ ಶಿಕ್ಷಣ ದೊರೆಯಿತು. ಅಂದಿನ ದಿನಗಳಲ್ಲಿ ಬಡಮನೆಯ ಕುರುಡು ಮಗುವಿನ ಮುಂದೆ ಇದ್ದ ದಾರಿ ಯಾವುದು? ಮನೆಯ ಮೂಲೆ, ಇಲ್ಲವೇ ಗುಡಿಯ ಮುಂದಿನ ಕಟ್ಟೆ. ಗವಾಯಿಗಳು ಇಂತಹ ಮಕ್ಕಳನ್ನು ಕೂಡಿಸಿಕೊಂಡು ಊರೂರು ಸಂಚರಿಸಿ, ಉಣ್ಣಿಸಿ, ಹಾಡು, ತಬಲಾ, ಹಾರ್ಮೋನಿಯಂ, ಪಿಟೀಲು ಕಲಿಸಿದರು. ಕಡೆಗೆ ಗದುಗಿನಲ್ಲಿ ಆಶ್ರಮ ನೆಲೆಗೊಂಡಿತು. ಜಾತಿಯನ್ನು ಕೇಳದೆ ಅಂಧರಿಗೂ ಅನಾಥರಿಗೂ ಬಡವರಿಗೂ ಅನ್ನ ಮತ್ತು ವಿದ್ಯೆ ಅಲ್ಲಿ ಜೊತೆಯಾಗಿ ಸಿಕ್ಕವು.

ಇಲ್ಲಿ ಗಮನಿಸಬೇಕಾದ ಒಂದು ಸಂಗತಿಯಿದೆ. ಗವಾಯಿಗಳು ಆ ಮಕ್ಕಳಿಗೆ ಕೊಟ್ಟದ್ದು ಕಾಲ ಕಳೆಯುವ ಹಾಡನ್ನಲ್ಲ, ವೃತ್ತಿಯನ್ನು. ಭಿಕ್ಷೆಗೆ ಚಾಚಬೇಕಾಗಿದ್ದ ಕೈ ತಬಲಾದ ಮೇಲೆ ಬಿದ್ದಾಗ ಆ ಕೈಗೆ ಮರ್ಯಾದೆ ಬಂದಿತು. ಆ ಕೈ ಪಡೆದ ಹಣ ದಾನವಲ್ಲ, ದುಡಿಮೆ. ಕಾಯಕವೆಂದರೆ ಇದೇ ಅಲ್ಲವೇ? ದುಡಿದು ಪಡೆದದ್ದರಲ್ಲಿ ನಾಚಿಕೆಯಿಲ್ಲ. ದುಡಿಸಿಕೊಂಡು ಕೊಡದಿರುವುದರಲ್ಲಿ ಇದೆ.

1944ರಲ್ಲಿ ಪಂಚಾಕ್ಷರ ಗವಾಯಿಗಳು ಲಿಂಗೈಕ್ಯರಾದ ಮೇಲೆ ಆಶ್ರಮದ ಭಾರ ಹೊತ್ತವರು ಪುಟ್ಟರಾಜ ಗವಾಯಿಗಳು. ಕೂಸಾಗಿದ್ದಾಗಲೇ ದೃಷ್ಟಿ ಕಳೆದುಕೊಂಡ ಅವರು ಗಾಯನದ ಜೊತೆಗೆ ಹಲವು ವಾದ್ಯಗಳಲ್ಲಿ ಪಾರಂಗತರಾದರು. ಪುರಾಣ, ನಾಟಕಗಳನ್ನು ರಚಿಸಿದರು. ಒಲೆ ಆರದಂತೆ ನೋಡಿಕೊಳ್ಳಲು ನಾಟಕ ಕಂಪನಿಯನ್ನೇ ನಡೆಸಿದರು. ಟಿಕೀಟು ಮಾರಿ ಬಂದ ಹಣ, ಭಕ್ತರು ತುಲಾಭಾರ ಮಾಡಿ ಅರ್ಪಿಸಿದ ಹಣ ಎಲ್ಲವೂ ಮಕ್ಕಳ ಊಟಕ್ಕೂ ವಿದ್ಯೆಗೂ ಸಂದಿತು. 2010ರಲ್ಲಿ ಅವರು ಲಿಂಗೈಕ್ಯರಾದಾಗ ಗದುಗಿಗೆ ಹರಿದುಬಂದ ಜನಸಾಗರವನ್ನು ಕಂಡವರು ಮರೆಯಲಾರರು. ಹಣವನ್ನು ಮುಟ್ಟದಿರುವುದೇ ಶುದ್ಧಿ ಎಂದು ಅವರು ತಿಳಿದಿದ್ದರೆ ಎಷ್ಟು ಎಲೆಗಳು ಬರಿದಾಗಿ ಉಳಿಯುತ್ತಿದ್ದವೋ! ಹಣವನ್ನು ದೂರವಿಡುವುದು ದೊಡ್ಡದಲ್ಲ. ಬಂದ ಹಣ ಎಲ್ಲಿಗೆ ಹೋಗುತ್ತದೆ ಎಂಬುದು ದೊಡ್ಡದು.

ಮೂರನೆಯದು ಜೊತೆಗಾರಿಕೆ. ಆಶ್ರಮದ ಶಿಷ್ಯರಾದ ಬಸವರಾಜ ರಾಜಗುರುಗಳು ಮೊದಲ ಸಾರ್ವಜನಿಕ ಕಛೇರಿ ಮಾಡಿದ್ದು 1936ರಲ್ಲಿ, ವಿಜಯನಗರ ಸಾಮ್ರಾಜ್ಯ ಸ್ಥಾಪನೆಯ ಆರುನೂರನೆಯ ವರ್ಷದ ಉತ್ಸವದಲ್ಲಿ, ಹಂಪಿಯಲ್ಲಿ. ಅಂದು ಎಳೆಯ ಶಿಷ್ಯನಿಗೆ ತಬಲಾ ಸಾಥಿ ನೀಡಿದವರು ಯಾರು ಬಲ್ಲಿರಾ? ಸ್ವತಃ ಗುರು ಪಂಚಾಕ್ಷರ ಗವಾಯಿಗಳು! ಶಿಷ್ಯನು ನಡುವೆ, ಗುರು ಪಕ್ಕದಲ್ಲಿ. ಸಾಥಿ ಮಾಡುವುದು ಕೀಳಲ್ಲ, ನಡುವೆ ಕುಳಿತವನು ಒಬ್ಬನೇ ಹಾಡುತ್ತಿಲ್ಲ ಎಂಬ ಪಾಠವನ್ನು ಸಾವಿರ ಮಾತುಗಳಲ್ಲಿ ಹೇಳುವ ಬದಲು ಅವರು ಕುಳಿತು ತೋರಿಸಿದರು. ತನ್ನ ಹಾಡು ತಂಬೂರಿಯ ಶ್ರುತಿಗೆ, ತಬಲಾದ ಲಯಕ್ಕೆ, ಹಾರ್ಮೋನಿಯಂನ ಆಸರೆಗೆ ಋಣಿಯಾಗಿದೆ ಎಂದು ಬಲ್ಲವನೇ ಮೇಳದಲ್ಲಿ ಬಾಳಬಲ್ಲನು.

ನಾಲ್ಕನೆಯದು ನಿತ್ಯದ ನಿಯಮ. ನಾನು, ನೀವು ಮನಸ್ಸು ಬಂದಾಗ ಹಾಡಬಹುದು, ಬೇಡವೆನಿಸಿದರೆ ಬಿಡಬಹುದು. ಮಾತು ಕೊಟ್ಟವನಿಗೆ ಆ ಸ್ವಾತಂತ್ರ್ಯವಿಲ್ಲ. ಗಂಟಲು ಕಟ್ಟಿದೆ, ಸಭೆಯಲ್ಲಿ ಜನರಿಲ್ಲ, ಮೈಕು ಗೊರಗುಟ್ಟುತ್ತಿದೆ ಎಂದು ಆತ ಎದ್ದು ಹೋಗಲಾರ. ಗಂಗೂಬಾಯಿ ಹಾನಗಲ್ಲರು ಸಂಸಾರದ ಹೊಣೆಯನ್ನು ಹೊತ್ತುಕೊಂಡೇ ಹುಬ್ಬಳ್ಳಿಯಿಂದ ಕುಂದಗೋಳಕ್ಕೆ ರೈಲಿನಲ್ಲಿ ಹೋಗಿ ಸವಾಯಿ ಗಂಧರ್ವರಲ್ಲಿ ಕಲಿತರು. ಮುಂದೆ ಅನಾರೋಗ್ಯದ ಚಿಕಿತ್ಸೆಯ ತರುವಾಯ ಅವರ ಕಂಠ ಬದಲಾಗಿ ಗಡುಸಾಯಿತು. ಹೋದ ದನಿಗಾಗಿ ಅಳುತ್ತ ಕೂಡದೆ, ಇದ್ದ ದನಿಯಲ್ಲೇ ಹಾಡುವ ಬಗೆಯನ್ನು ಅವರು ಕಂಡುಕೊಂಡರು. ಆ ದನಿಯೇ ದೇಶಕ್ಕೆಲ್ಲ ಪರಿಚಿತವಾಯಿತು.

ತಾಯಂದಿರೇ, ಇಲ್ಲಿ ನಿಮಗೊಂದು ಮಾತು. ನಮ್ಮ ಹೆಣ್ಣುಮಕ್ಕಳು ಹತ್ತು ವರ್ಷ ಕಲಿಯುತ್ತಾರೆ. ಕನ್ಯೆ ನೋಡಲು ಬಂದವರ ಮುಂದೆ ಒಂದು ವಚನ ಹಾಡುತ್ತಾರೆ. ಲಗ್ನವಾದ ಮೇಲೆ ತಂಬೂರಿ ಅಟ್ಟ ಸೇರುತ್ತದೆ. ಗಂಡುಮಕ್ಕಳಿಗೆ ‘ಹಾಡಿ ಬದುಕಬಲ್ಲೆಯಾ?’ ಎಂದು ಕೇಳುವ ನಾವು ಹೆಣ್ಣುಮಕ್ಕಳಿಗೆ ಆ ಪ್ರಶ್ನೆಯನ್ನು ಕೇಳುವುದೇ ಇಲ್ಲ. ಕೇಳಿ ನೋಡಿ. ಉತ್ತರ ಕೊಡಬಲ್ಲ ಸೊಸೆ ನಿಮ್ಮ ಮನೆಯಲ್ಲೇ ಇರಬಹುದು.

ಇನ್ನು ಆ ಹುಡುಗನ ಮಾತಿಗೆ ಬರುತ್ತೇನೆ. ಕಡತವನ್ನು ಬದಿಗಿರಿಸಿ, “ತಮ್ಮಾ, ಹೋದ ಶ್ರಾವಣದಲ್ಲಿ ಏನು ಮಾಡಿದೆ?” ಎಂದು ಕೇಳಿದೆ. ಒಂದು ಹಳ್ಳಿಯ ಗುಡಿಯಲ್ಲಿ ತಿಂಗಳ ಪರ್ಯಂತ ಪುರಾಣವಿತ್ತಂತೆ. ಪ್ರವಚನಕಾರರ ಜೊತೆಗೆ ಹಾಡಲು ಈತ, ತಬಲಾಕ್ಕೆ ಇನ್ನೊಬ್ಬ. ಮೊದಲ ವಾರ ಗುಡಿ ತುಂಬಿತ್ತು. ನಡುವೆ ಮಳೆ ಹಿಡಿದು ಒಂದು ರಾತ್ರಿ ಏಳೆಂಟು ಮುದುಕರು ಮಾತ್ರ ಇದ್ದರಂತೆ.

“ಅವತ್ತು ಕಡಿಮೆ ಹಾಡಿದೇನು?” ಎಂದೆ.

“ಇಲ್ರೀ ಅಜ್ಜಾರ. ಅವತ್ತ ಒಬ್ಬ ಮುತ್ಯಾ ಮಳ್ಯಾಗ ತೊಯ್ಕೊಂಡು ಬಂದಿದ್ದರು. ಅವರಿಗೆ ಎರಡು ವಚನ ಹೆಚ್ಚಿಗೇ ಹಾಡಿದೆ.”

“ಕಾಣಿಕೆ ಏನು ಬಂತು?” ಎಂದು ತಂದೆ ನಡುವೆ ಬಾಯಿ ಹಾಕಿದರು. ಹುಡುಗ ತಲೆ ತಗ್ಗಿಸಿದ. ಕಡೆಯ ದಿನ ಪಂಚರು ಇಬ್ಬರಿಗೂ ಸೇರಿಸಿ ಒಂದೇ ಲಕೋಟೆ ಕೊಟ್ಟರಂತೆ. ಒಳಗಿನದು ಒಬ್ಬನಿಗೆ ಸಾಲುವಷ್ಟೇ. ತಬಲಾದವನಿಗೆ ಹೆಂಡತಿ, ಕೂಸು. ಆದ್ದರಿಂದ ಮುಕ್ಕಾಲು ಪಾಲನ್ನು ಅವನಿಗೇ ಕೊಟ್ಟು, ಉಳಿದುದರಲ್ಲಿ ತಂಬೂರಿಗೆ ತಂತಿ ಕೊಂಡು ಈತ ಮನೆಗೆ ಬಂದಿದ್ದ. ಈ ಸಂಗತಿ ತಂದೆಗೆ ಗೊತ್ತಿರಲಿಲ್ಲ. ಅವರು ಸುಮ್ಮನಾದರು. ನಾನೂ ಸುಮ್ಮನಾದೆ. ನನ್ನ ಮೌನಕ್ಕೆ ಬೇರೆಯೇ ಕಾರಣವಿತ್ತು. ಅದನ್ನು ಇಲ್ಲಿ ಒಪ್ಪಿಕೊಳ್ಳುತ್ತೇನೆ.

ಬಹಳ ವರ್ಷಗಳ ಹಿಂದೆ ನಮ್ಮೂರ ಬಸವ ಜಯಂತಿಯ ಸಮಿತಿಯಲ್ಲಿ ಹಣದ ಪೆಟ್ಟಿಗೆ ನನ್ನ ವಶದಲ್ಲಿತ್ತು. ಪೆಂಡಾಲಿನವರಿಗೆ ಚೌಕಾಸಿ ಮಾಡಿಯಾದರೂ ಪೂರ್ತಿ ಕೊಟ್ಟೆವು. ಮೈಕಿನವನಿಗೆ, ಅಡಿಗೆಯವರಿಗೆ, ಹೂವಿನವನಿಗೆ ಕೊಟ್ಟೆವು. ದೂರದಿಂದ ಬಂದ ಗಾಯಕರಿಗೆ ಶಾಲು ಹೊದಿಸಿ, ಫಲತಾಂಬೂಲವಿತ್ತು, ‘ಇದು ಅಪ್ಪನವರ ಸೇವೆ, ತಾವು ತಿಳಿದವರು’ ಎಂದು ಕೈಮುಗಿದು, ಬಸ್ಸಿನ ಖರ್ಚಿಗಿಂತ ತುಸು ಹೆಚ್ಚು ಮಾತ್ರ ಕೊಟ್ಟೆವು. ಅವರು ನಗುತ್ತಲೇ ಸ್ವೀಕರಿಸಿದರು. ಭಾಷಣಗಳು ಬೆಳೆದು ಅವರ ಹಾಡಿಗೆ ಉಳಿದದ್ದು ಅರ್ಧ ಗಂಟೆ. ಅದಕ್ಕೂ ಅವರು ಏನೂ ಅನ್ನಲಿಲ್ಲ. ಮರುದಿನ ಬಸ್‌ ನಿಲ್ದಾಣದಲ್ಲಿ ಅವರು ಆ ಹಣವನ್ನು ತಬಲಾದವನಿಗೂ ಹಾರ್ಮೋನಿಯಂದವನಿಗೂ ಹಂಚಿ, ತಾವು ಶಾಲನ್ನಷ್ಟೇ ಹೆಗಲ ಮೇಲೆ ಹಾಕಿಕೊಂಡು ಹೊರಟದ್ದನ್ನು ನೋಡಿದವರೊಬ್ಬರು ನನಗೆ ಹೇಳಿದರು. ಜಮಾಖರ್ಚು ಓದಿದ ಸಭೆಯಲ್ಲಿ ‘ಇಷ್ಟು ಉಳಿತಾಯವಾಗಿದೆ’ ಎಂದು ನಾನು ಹೆಮ್ಮೆಯಿಂದ ಹೇಳಿದ್ದೆ. ಆ ಉಳಿತಾಯ ಯಾರ ಮನೆಯದು ಎಂಬುದು ಆಮೇಲೆ ತಿಳಿಯಿತು. ಅಂದು ಆ ಗಾಯಕರು ತಮ್ಮ ವೃತ್ತಿಯ ಧರ್ಮವನ್ನು ಪಾಲಿಸಿದರು. ಕರೆಸಿದವರ ಧರ್ಮವನ್ನು ನಾವು ಪಾಲಿಸಲಿಲ್ಲ.

ಬಂಧುಗಳೇ, ವೃತ್ತಿ ಸಂಗೀತಗಾರನೆಂದರೆ ಯಾರು ಎಂಬ ಪ್ರಶ್ನೆಗೆ ಅರ್ಧ ಉತ್ತರ ಆತನಲ್ಲಿದ್ದರೆ ಉಳಿದರ್ಧ ನಮ್ಮಲ್ಲಿದೆ. ನಿತ್ಯವೂ ಸಾಧನೆ ಮಾಡುವವನು, ಹೆಸರು ಬಂದ ಮೇಲೂ ಕಲಿಯುವವನು, ಒಪ್ಪಿದ ಹೊತ್ತಿಗೆ ಒಪ್ಪಿದ ಸ್ಥಳದಲ್ಲಿರುವವನು, ಸಾವಿರ ಜನರಿಗೂ ಏಳು ಜನರಿಗೂ ಒಂದೇ ಮನಸ್ಸಿನಿಂದ ಹಾಡುವವನು, ಸಾಥಿದಾರರ ಪಾಲನ್ನು ಮೊದಲು ತೆಗೆದಿಡುವವನು, ತನ್ನ ವಿದ್ಯೆಯನ್ನು ಇನ್ನೊಬ್ಬರಿಗೆ ದಾಟಿಸುವವನು ಇಂತಹವನು ವೃತ್ತಿಗೆ ಯೋಗ್ಯನು. ಆದರೆ ಯೋಗ್ಯನಾದವನು ವೃತ್ತಿಯಲ್ಲಿ ನಿಲ್ಲುವಂತೆ ಮಾಡುವುದು ಸಮಾಜ. ನಾವು ಕೊಡುವ ಶಾಲಿನಿಂದ ಮನೆಯ ಬಾಡಿಗೆ ಸಲ್ಲುವುದಿಲ್ಲ.

ಆದ್ದರಿಂದ ಉತ್ಸವ, ಪುರಾಣ, ಲಗ್ನಗಳಿಗೆ ಕಲಾವಿದರನ್ನು ಕರೆಸುವವರಲ್ಲಿ ನನ್ನ ವಿನಂತಿ ಇಷ್ಟು. ಸಂಭಾವನೆಯ ಮಾತನ್ನು ಸಂಕೋಚವಿಲ್ಲದೆ ಮೊದಲೇ ಆಡಿರಿ. ಪ್ರಯಾಣದ ವೆಚ್ಚವನ್ನು ಅದರಲ್ಲಿ ಸೇರಿಸದೆ ಬೇರೆಯಾಗಿ ಕೊಡಿರಿ. ತಬಲಾ, ಹಾರ್ಮೋನಿಯಂ ವಾದಕರ ಲಕೋಟೆಗಳನ್ನು ಬೇರೆ ಬೇರೆಯಾಗಿ ಅವರವರ ಕೈಗೇ ಇಡಿರಿ. ಹಾಡುವ ಮೊದಲು ಶ್ರುತಿ ಕೂಡಿಸಿಕೊಳ್ಳಲು ಅವಕಾಶ ಕೊಡಿರಿ. ಅತಿಥಿಗಳ ಭಾಷಣ ಬೆಳೆದರೆ ಹಾಡನ್ನು ಮೊಟಕುಗೊಳಿಸಬೇಡಿರಿ. ನಿಜವಾಗಿಯೂ ಕೊಡಲು ಶಕ್ತಿಯಿಲ್ಲದಿದ್ದರೆ ಅದನ್ನೂ ಮೊದಲೇ ಹೇಳಿರಿ. ಸೇವೆಯೆಂದು ಹಾಡುವುದೋ ಬೇಡವೋ ಎಂಬುದನ್ನು ಕಲಾವಿದರು ನಿರ್ಧರಿಸಲಿ. ಅವರ ಸೇವೆಯನ್ನು ನಾವು ನಿರ್ಧರಿಸುವುದು ಸಲ್ಲ.

ಆ ತಂದೆಗೆ ಹೇಳಿದ್ದು ಇದು. ಇಂದು ಕೇವಲ ಕಛೇರಿಗಳಿಂದ ಬದುಕುವವರು ವಿರಳ. ಪಾಠ, ಶಾಲೆಯ ನೌಕರಿ, ಆಕಾಶವಾಣಿ, ಪುರಾಣ, ಸುಗಮ ಸಂಗೀತ, ಈಗ ಅಂತರ್ಜಾಲದ ಮೂಲಕ ದೂರದ ಮಕ್ಕಳಿಗೆ ಕಲಿಸುವುದು ಹೀಗೆ ನಾಲ್ಕಾರು ತೊರೆಗಳು ಕೂಡಿದರೆ ಒಂದು ಸಂಸಾರದ ಕೆರೆ ತುಂಬೀತು. ಪುಣ್ಯಾಶ್ರಮದಲ್ಲಿ ಬೆಳೆದ ಪಂಡಿತ ಎಂ. ವೆಂಕಟೇಶಕುಮಾರರೂ ಧಾರವಾಡದಲ್ಲಿ ದೀರ್ಘಕಾಲ ಅಧ್ಯಾಪಕರಾಗಿದ್ದುಕೊಂಡೇ ಸಾಧನೆ ಮಾಡಿದವರು. ಅವರಿಗೆ ಪದ್ಮಶ್ರೀ ಬಂದದ್ದು 2016ರಲ್ಲಿ. ಪಾಠ ಹೇಳುವುದು ಸೋಲಲ್ಲ. ಮಗನು ಸಂಗೀತದಲ್ಲಿ ಪದವಿಗೆ ಸೇರಲಿ, ಗುರುಗಳನ್ನು ಬಿಡದಿರಲಿ, ಹತ್ತು ಮಕ್ಕಳಿಗೆ ಪಾಠ ಆರಂಭಿಸಲಿ, ಬಂದದ್ದು ಹೋದದ್ದರ ಲೆಕ್ಕ ಬರೆದಿಡಲಿ. ಮೂರು ವರ್ಷ ಕಾಯಿರಿ. ಕಾಯುವಾಗ ದಿನಾಲೂ ಚುಚ್ಚಬೇಡಿರಿ.

“ಮೂರು ವರ್ಷದಾಗ ಆಗದಿದ್ದರ?” ಎಂದರು ಅವರು.

“ಆಗದಿದ್ದರೆ ಅಂಗಡಿ ಎಲ್ಲಿಗೂ ಓಡಿಹೋಗುವುದಿಲ್ಲ. ಗಲ್ಲೆಯ ಮೇಲೆ ಕುಳಿತು ಹಾಡುವ ಪ್ರಾಮಾಣಿಕ ವ್ಯಾಪಾರಿಯೊಬ್ಬ ಊರಿಗೆ ಸಿಕ್ಕಾನು. ಅದೂ ನಷ್ಟವಲ್ಲ” ಎಂದೆ.

ಅವರು ಎದ್ದು ನಿಂತು ಮಗನ ಕಡೆ ನೋಡಿ, “ಬರೂ ಶ್ರಾವಣದಾಗ ಲಕೋಟೆ ಎರಡು ಕೇಳಿಕೋ” ಎಂದರು. ಒಪ್ಪಿಗೆಯನ್ನು ಅವರು ಹೇಳಿದ ಬಗೆ ಅದು. ತಾಯಿ ಕಡತವನ್ನು ಮತ್ತೆ ಚೀಲದಲ್ಲಿಟ್ಟುಕೊಂಡು, ಸೆರಗಿನಿಂದ ಕಣ್ಣೊರೆಸಿಕೊಂಡರು.

ತಮ್ಮ ಮನೆಯಲ್ಲೂ ನಸುಕಿನಲ್ಲೆದ್ದು ಮಂದ್ರದಲ್ಲಿ ದನಿ ಹಚ್ಚುವ ಮಗುವಿದ್ದರೆ ‘ನಿದ್ದೆ ಕೆಡಿಸಬೇಡ’ ಎಂದು ಗದರುವ ಮುನ್ನ ಒಂದು ಗಳಿಗೆ ಕಿವಿಗೊಡಿರಿ. ನಾಳೆಯೂ ಅದೇ ಹೊತ್ತಿಗೆ, ನಾಡಿದ್ದೂ ಅದೇ ಹೊತ್ತಿಗೆ ಆ ದನಿ ಏಳುತ್ತಿದ್ದರೆ, ನಿಮ್ಮ ಮನೆಯಲ್ಲೊಂದು ಕಾಯಕ ಹುಟ್ಟಿದೆಯೆಂದು ತಿಳಿಯಿರಿ.